ರೋಗಿಯ ಹಾಸಿಗೆಯಿಂದ ಸಲಹೆಯ ಮೇಜಿಗೆ

ನನ್ನ ಬಳಿ ಪ್ರೌಢಶಾಲೆಯಲ್ಲಿ ಇತಿಹಾಸ ಓದಿ ಮುಂದೆ ವೈದ್ಯರಾದವರು ಹನ್ನೆರಡೋ ಹದಿಮೂರೋ ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದು, ಆಮೇಲೆ ಸ್ಟೆತಾಸ್ಕೋಪನ್ನು ಬದಿಗಿಟ್ಟು ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪನಿಗಳನ್ನು ಸೇರಿದರು. ನಮ್ಮ ಬಂಧುಗಳಲ್ಲಿಯೇ ಒಬ್ಬ ಹುಡುಗಿ ನರ್ಸಿಂಗ್ ಪದವಿಯ ನಂತರ ಆರು ವರ್ಷ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡಿ ಅದೇ ದಾರಿ ಹಿಡಿದಿದ್ದಾಳೆ. ಮದುವೆ, ಉಪನಯನಗಳಲ್ಲಿ ಭೇಟಿಯಾದಾಗ ಇವರ ತಂದೆತಾಯಿಗಳು ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಸರ್ಕಾರಿ ಸೀಟಿನಲ್ಲಿ ಎಂ.ಬಿ.ಬಿ.ಎಸ್. ಓದಿದ ಹುಡುಗ ಈಗ ಕಂಪನಿಗಳಿಗೆ ಬುದ್ಧಿ ಹೇಳುತ್ತಾನಂತೆ. ಕಲಿತ ವಿದ್ಯೆ ದಂಡವಾಗಲಿಲ್ಲವೇ?"

ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಇತಿಹಾಸದ ಮೇಷ್ಟರಿಗೆ ಗೊತ್ತಿರುವುದು ಒಂದೇ ವಿದ್ಯೆ. ಇಂದು ಹೊಸದಾಗಿ ಕಾಣುವುದು ಹಿಂದೆ ಎಲ್ಲಿ, ಯಾವ ರೂಪದಲ್ಲಿ ನಡೆದಿತ್ತು, ಅದರಿಂದ ಯಾರಿಗೆ ಏನಾಯಿತು ಎಂದು ಹುಡುಕುವುದು. ಹಾಗೆ ಹುಡುಕಿದಾಗ ದೊರೆತ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಇಬ್ಬರು ವೈದ್ಯರೂ, ಆ ಹುಡುಗಿಯೂ, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳೂ ಇದನ್ನು ಓದಲಿ ಎಂಬುದು ನನ್ನ ಅಪೇಕ್ಷೆ.

ಮೊದಲು ಈ ವೃತ್ತಿಯ ಸ್ವರೂಪವನ್ನು ನಮ್ಮ ಊರಿನ ಹಿರಿಯರಿಗಾಗಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಸಂಸ್ಥೆಗೆ ತನ್ನ ತೊಡಕು ತನಗೇ ಕಾಣದಿದ್ದಾಗ, ಕಂಡರೂ ಬಿಡಿಸಲಾಗದಿದ್ದಾಗ, ಅದು ಹೊರಗಿನವರನ್ನು ಹಣ ಕೊಟ್ಟು ಕರೆಸುತ್ತದೆ. ಬಂದವರು ಕೆಲವು ವಾರ ಅಥವಾ ಕೆಲವು ತಿಂಗಳು ಲೆಕ್ಕಪತ್ರಗಳನ್ನು ನೋಡಿ, ಕೆಲಸಗಾರರನ್ನು ಮಾತನಾಡಿಸಿ, ಹೀಗೆ ಮಾಡಿದರೆ ಒಳಿತು ಎಂಬ ವರದಿಯನ್ನು ಒಪ್ಪಿಸಿ ಹೊರಡುತ್ತಾರೆ. ಚಿಕಾಗೋದಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಮೆಕಿನ್ಸಿ 1926ರಲ್ಲಿ ಸ್ಥಾಪಿಸಿದ ಕಂಪನಿ ಈ ಕ್ಷೇತ್ರದ ಅತಿ ಪ್ರಸಿದ್ಧ ಹೆಸರು. ಆಸ್ಪತ್ರೆಗಳು, ಔಷಧ ಕಂಪನಿಗಳು, ವಿಮಾ ಸಂಸ್ಥೆಗಳು, ಸರ್ಕಾರಗಳು ಕೂಡ ಇಂತಹ ಸಲಹೆ ಪಡೆಯತೊಡಗಿದ ಮೇಲೆ, ರೋಗಿಯನ್ನು ಮುಟ್ಟಿ ನೋಡಿ ಬಲ್ಲವರು ಈ ಕಂಪನಿಗಳಿಗೂ ಬೇಕಾದರು. ನಮ್ಮ ಹುಡುಗರಿಗೆ ಅಲ್ಲಿ ಕುರ್ಚಿ ದೊರೆತದ್ದು ಹೀಗೆ.

ದೀಪದ ಪಾಠದ ಮುಂದಿನ ಭಾಗ

ಫ್ಲಾರೆನ್ಸ್ ನೈಟಿಂಗೇಲ್ ಅವರ ಪಾಠವನ್ನು ನೀವೆಲ್ಲ ಓದಿದ್ದೀರಿ. ಕ್ರಿಮಿಯಾ ಯುದ್ಧ, ಗಾಯಗೊಂಡ ಸೈನಿಕರು, ರಾತ್ರಿಯಲ್ಲಿ ಕೈದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆಯುವ ಕರುಣಾಮಯಿ. ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರ ಜೀವನದ ಲೆಕ್ಕವನ್ನು ವರ್ಷಗಳಲ್ಲಿ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. 1820ರಲ್ಲಿ ಹುಟ್ಟಿ 1910ರಲ್ಲಿ ತೀರಿಕೊಂಡ ಆಕೆ ಆಸ್ಪತ್ರೆಯೊಳಗೆ ಹೊಣೆ ಹೊತ್ತು ದುಡಿದದ್ದು ಸುಮಾರು ಮೂರು ವರ್ಷ ಮಾತ್ರ. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದರು. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಹೋದರು. 1856ರ ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಮರಳಿದರು. ಅಲ್ಲಿಂದಾಚೆಗೆ ನಾಲ್ಕು ದಶಕಗಳ ಕಾಲ ಅವರು ಮಾಡಿದ ಮುಖ್ಯ ಕೆಲಸಕ್ಕೆ ಇಂದಿನ ಭಾಷೆಯಲ್ಲಿ ಸರಿಯಾದ ಹೆಸರು ಸಲಹೆಗಾರಿಕೆ.

ಸ್ಕುಟಾರಿಯಲ್ಲಿ ಸೈನಿಕರು ಸಾಯುತ್ತಿದ್ದುದು ಬಹುಮಟ್ಟಿಗೆ ಗುಂಡೇಟಿನಿಂದಲ್ಲ. ಭೇದಿ, ಕಾಲರಾ, ವಿಷಮಶೀತ ಜ್ವರಗಳಿಂದ. ಆಸ್ಪತ್ರೆಯಾಗಿ ಮಾರ್ಪಟ್ಟಿದ್ದ ಆ ದೊಡ್ಡ ಸೈನಿಕ ವಸತಿಯ ಅಡಿಯಲ್ಲಿಯೇ ಹೂಳು ತುಂಬಿದ ಚರಂಡಿಗಳಿದ್ದವು. 1855ರ ಫೆಬ್ರವರಿಯಲ್ಲಿ ಮರಣದ ಪ್ರಮಾಣ ನೂರಕ್ಕೆ 42ರಷ್ಟಕ್ಕೆ ಏರಿತ್ತು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯ ಆಯೋಗದವರು ಚರಂಡಿ ತೆಗೆಸಿ, ಗೋಡೆಗೆ ಸುಣ್ಣ ಬಳಿಸಿ, ಗಾಳಿ ಬೆಳಕಿಗೆ ದಾರಿ ಮಾಡಿಸಿದರು. ಜೂನ್ ತಿಂಗಳ ಹೊತ್ತಿಗೆ ಆ ಪ್ರಮಾಣ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಊರಿಗೆ ಮರಳಿದ ನೈಟಿಂಗೇಲ್ ಈ ಅಂಕಿಗಳನ್ನು ಹಿಡಿದು ಕುಳಿತರು. ಜೊತೆಗಿದ್ದವರು ವಿಲಿಯಂ ಫಾರ್. ಈತನೂ ವೈದ್ಯವೃತ್ತಿಯಿಂದ ಬಂದವರೇ. ಚಿಕಿತ್ಸೆಯನ್ನು ಬಿಟ್ಟು, ಜನನ ಮರಣಗಳ ನೋಂದಣಿ ಕಚೇರಿಯಲ್ಲಿ ಅಂಕಿಅಂಶಗಳ ಕೆಲಸಕ್ಕೆ ಸೇರಿದ್ದವರು. ಇಬ್ಬರೂ ಸೇರಿ ತೆಗೆದ ಲೆಕ್ಕದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಯುದ್ಧವೇ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಸೈನಿಕ ವಸತಿಗಳಲ್ಲಿದ್ದ ಯುವಕರು ಅದೇ ವಯಸ್ಸಿನ ಊರಿನ ಯುವಕರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಸಾಯುತ್ತಿದ್ದರು. ಕೊಠಡಿಗಳ ಇಕ್ಕಟ್ಟು, ಕೆಟ್ಟ ಗಾಳಿ, ಕೊಳಕು ನೀರು, ಇಷ್ಟೇ ಕಾರಣ. ಮಂತ್ರಿಗಳಿಗೆ ಉದ್ದದ ಕೋಷ್ಟಕಗಳನ್ನು ಓದುವ ತಾಳ್ಮೆ ಇರುವುದಿಲ್ಲವೆಂದು ತಿಳಿದಿದ್ದ ಆಕೆ ಆ ಅಂಕಿಗಳನ್ನು ಬಣ್ಣದ ವೃತ್ತಚಿತ್ರಗಳಾಗಿ ಬರೆಸಿದರು. ಇಂದಿನ ಸಲಹೆಗಾರರು ಪರದೆಯ ಮೇಲೆ ತೋರಿಸುವ ಚಿತ್ರಗಳಿಗೆ ಅವು ಪೂರ್ವಜರು ಎಂದರೆ ಅತಿಶಯೋಕ್ತಿಯಲ್ಲ. ಹೆಂಗಸೆಂಬ ಕಾರಣಕ್ಕೆ 1857ರ ರಾಜ ಆಯೋಗದಲ್ಲಿ ಆಕೆಗೆ ಸ್ಥಾನವಿರಲಿಲ್ಲ. ಆದರೆ ಅಧ್ಯಕ್ಷ ಸಿಡ್ನಿ ಹರ್ಬರ್ಟರ ಹಿಂದೆ ನಿಂತು ಆ ಆಯೋಗವನ್ನು ನಡೆಸಿದವರಲ್ಲಿ ಆಕೆ ಪ್ರಮುಖರು.

ಈ ಕಥೆ ನಮ್ಮ ನೆಲಕ್ಕೂ ಬರುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯವನ್ನು ಪರಿಶೀಲಿಸಲು 1859ರಲ್ಲಿ ಇನ್ನೊಂದು ಆಯೋಗ ನೇಮಕವಾಯಿತು. ನೈಟಿಂಗೇಲ್ ಇಲ್ಲಿನ ಸೇನಾ ಠಾಣೆಗಳಿಗೆಲ್ಲ ಮುದ್ರಿತ ಪ್ರಶ್ನಾವಳಿಯನ್ನು ಕಳುಹಿಸುವ ವ್ಯವಸ್ಥೆ ಮಾಡಿದರು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಒಬ್ಬೊಬ್ಬ ಸೈನಿಕನಿಗೆ ಎಷ್ಟು ಜಾಗವಿದೆ ಎಂಬಂತಹ ಪ್ರಶ್ನೆಗಳು. ದಕ್ಷಿಣದ ದೊಡ್ಡ ಠಾಣೆಗಳಲ್ಲಿ ನಮ್ಮ ಬೆಂಗಳೂರಿನ ದಂಡೂ ಒಂದು. ಉತ್ತರಗಳೆಲ್ಲ ಸೇರಿ 1863ರಲ್ಲಿ ಎರಡು ದಪ್ಪ ಸಂಪುಟಗಳಾದವು. ಭಾರತದಲ್ಲಿ ಸೈನಿಕರ ವಾರ್ಷಿಕ ಮರಣ ಪ್ರಮಾಣ ಸಾವಿರಕ್ಕೆ 69 ಎಂದು ಆ ಕಾಲದ ಲೆಕ್ಕ. ಹತ್ತು ವರ್ಷದ ನಂತರ, 1873ರಲ್ಲಿ, ಅದು 18ಕ್ಕೆ ಇಳಿದಿದೆಯೆಂದು ಅವರೇ ವರದಿ ಮಾಡಿದರು.

ಇಲ್ಲಿ ಗಮನಿಸಬೇಕಾದದ್ದು ಎರಡು. ನೈಟಿಂಗೇಲ್ ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ರೋಗಪೀಡಿತೆಯಾಗಿ ಲಂಡನ್ನಿನ ಮನೆಯಲ್ಲಿ ಮಲಗಿಯೇ ಈ ದೇಶದ ಚರಂಡಿಗಳ ಬಗ್ಗೆ ಬರೆದರು. ದೂರದಿಂದ ಹೇಳುವ ಸಲಹೆಯ ದೌರ್ಬಲ್ಯ ಅದರಲ್ಲಿಯೂ ಇತ್ತು. ಮೊದಮೊದಲು ಅವರ ಕಣ್ಣು ಸೈನಿಕರ ವಸತಿಯ ಮೇಲೆ ಮಾತ್ರವಿತ್ತು. ಸುತ್ತಲಿನ ಹಳ್ಳಿಯ ಜನ, ಬರಗಾಲ, ನೀರಾವರಿ ಇವೆಲ್ಲ ಅವರ ಬರಹಗಳಲ್ಲಿ ದೊಡ್ಡದಾದದ್ದು ನಂತರದ ವರ್ಷಗಳಲ್ಲಿ. ಎರಡನೆಯದಾಗಿ, ವರದಿ ಅಚ್ಚಾದ ಮೇಲೆ ಅವರು ಕೈತೊಳೆದುಕೊಳ್ಳಲಿಲ್ಲ. ಹತ್ತು ವರ್ಷ ಕಳೆದ ಮೇಲೂ "ಈಗ ಎಷ್ಟು ಮಂದಿ ಸಾಯುತ್ತಿದ್ದಾರೆ?" ಎಂದು ಕೇಳುತ್ತಲೇ ಇದ್ದರು. ವಾರ್ಡಿನಲ್ಲಿದ್ದದ್ದು ಮೂರು ವರ್ಷವಾದರೂ, ಬೆಳಿಗ್ಗೆ ಎದ್ದು ಯಾವ ಹಾಸಿಗೆ ಖಾಲಿಯಾಗಿದೆ ಎಂದು ನೋಡುವ ದಾದಿಯ ಅಭ್ಯಾಸ ಅವರನ್ನು ಬಿಡಲಿಲ್ಲ.

ಬಾಸ್ಟನ್ನಿನ ಕಾರ್ಡುಗಳು

ಎರಡನೆಯ ವ್ಯಕ್ತಿ ಅರ್ನೆಸ್ಟ್ ಅಮೋರಿ ಕಾಡ್ಮನ್. 1869ರಲ್ಲಿ ಹುಟ್ಟಿದ ಈತ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು. ಈತ ವೈದ್ಯವೃತ್ತಿಯನ್ನು ತೊರೆದವರಲ್ಲ. ಆದರೆ ಆಸ್ಪತ್ರೆಯೆಂಬ ಸಂಸ್ಥೆಗೆ ಸಲಹೆಗಾರನಾಗಲು ಹೊರಟ ವೈದ್ಯನಿಗೆ ತನ್ನವರಿಂದಲೇ ಏನು ಎದುರಾಗುತ್ತದೆ ಎಂಬುದಕ್ಕೆ ಇವರಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣಲಿಲ್ಲ.

ಅವರ ಆಲೋಚನೆ ಮೂರನೆಯ ತರಗತಿಯ ಮಗುವಿಗೂ ಅರ್ಥವಾಗುವಂತಹುದು. ಆಸ್ಪತ್ರೆಗೆ ಬಂದ ಪ್ರತಿಯೊಬ್ಬ ರೋಗಿಯ ಹೆಸರಿನಲ್ಲಿ ಒಂದು ಕಾರ್ಡು ಇರಬೇಕು. ಒಂದು ವರ್ಷದ ನಂತರ ಆ ರೋಗಿಯನ್ನು ಹುಡುಕಿ, ಚಿಕಿತ್ಸೆ ಫಲಿಸಿತೇ ಎಂದು ನೋಡಬೇಕು. ಫಲಿಸದಿದ್ದರೆ ಕಾರಣವೇನು ಎಂದು ಅದೇ ಕಾರ್ಡಿನಲ್ಲಿ ಬರೆಯಬೇಕು. ಇದನ್ನು ಅವರು ಅಂತಿಮ ಫಲಿತಾಂಶದ ಪದ್ಧತಿ ಎಂದು ಕರೆದರು. ಹಿರಿತನದ ಮೇಲೆ ಬಡ್ತಿ ಸಿಗುತ್ತಿದ್ದ ಆಸ್ಪತ್ರೆಯಲ್ಲಿ, ಫಲಿತಾಂಶದ ಮೇಲೆ ವೈದ್ಯರನ್ನು ಅಳೆಯಬೇಕೆಂಬ ಈ ಮಾತು ಹಿತವಾಗಲಿಲ್ಲ. 1914ರಲ್ಲಿ ಕಾಡ್ಮನ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಅದಕ್ಕೂ ಮೊದಲು, 1911ರಲ್ಲಿಯೇ, ತಮ್ಮದೇ ಒಂದು ಪುಟ್ಟ ಆಸ್ಪತ್ರೆಯನ್ನು ತೆರೆದಿದ್ದರು. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ ರೋಗಿಗಳು 337. ಅವರ ಚಿಕಿತ್ಸೆಯಲ್ಲಿ ಆದ ತಪ್ಪುಗಳೆಂದು ಕಾಡ್ಮನ್ ತಾವೇ ಎಣಿಸಿ ಅಚ್ಚು ಹಾಕಿಸಿದ್ದು 123. ಆ ಕಾಲದಲ್ಲಿರಲಿ, ಇಂದಾದರೂ ಎಷ್ಟು ಆಸ್ಪತ್ರೆಗಳು ಇಂತಹ ಪಟ್ಟಿಯನ್ನು ಅಚ್ಚು ಹಾಕಿಸಿಯಾವು?

1915ರ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ಕಾಡ್ಮನ್ ಒಂದು ವ್ಯಂಗ್ಯಚಿತ್ರವನ್ನು ಪ್ರದರ್ಶಿಸಿದರು. ಬಾಸ್ಟನ್ನಿನ ಸಿರಿವಂತರು ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿಯಾಗಿ ವೈದ್ಯರ ಕಡೆಗೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿರುವ ಚಿತ್ರ ಅದು. ಸಭೆ ಕೆರಳಿತು. ಹಾರ್ವರ್ಡಿನಲ್ಲಿ ಅವರಿಗಿದ್ದ ಬೋಧಕ ಹುದ್ದೆಯೂ ಕೈಬಿಟ್ಟಿತು.

ಇದೇ ಕಾಲದಲ್ಲಿ ಎದುರು ದಿಕ್ಕಿನಿಂದ, ಅಂದರೆ ಕಾರ್ಖಾನೆಯಿಂದ ಆಸ್ಪತ್ರೆಯ ಕಡೆಗೆ, ಒಬ್ಬರು ಬಂದರು. ಇಟ್ಟಿಗೆ ಕಟ್ಟುವ ಗಾರೆಯವನಾಗಿ ದುಡಿಮೆ ಆರಂಭಿಸಿ ದಕ್ಷತೆಯ ತಜ್ಞರಾದ ಫ್ರ್ಯಾಂಕ್ ಗಿಲ್‌ಬ್ರೆತ್. ಒಂದು ಇಟ್ಟಿಗೆ ಇಡಲು ಬೇಕಾದ 18 ಚಲನೆಗಳನ್ನು ಐದಕ್ಕೆ ಇಳಿಸಿದ ಈತ ಶಸ್ತ್ರಚಿಕಿತ್ಸೆಯ ಕೋಣೆಯನ್ನೂ ಅದೇ ಕಣ್ಣಿನಿಂದ ನೋಡಿದರು. ವೈದ್ಯರ ಸಮಯವೆಲ್ಲ ಉಪಕರಣ ಹುಡುಕುವುದರಲ್ಲಿ ಹೋಗುತ್ತಿದೆ. ಅವರು ಹೆಸರು ಹೇಳಿ ಕೈ ಚಾಚಿದರೆ ದಾದಿ ಉಪಕರಣವನ್ನು ಅಂಗೈಗೆ ಇಡಲಿ ಎಂದರು. ಸಿನಿಮಾಗಳಲ್ಲಿ ನಾವು ಕಾಣುವ ಆ ದೃಶ್ಯದ ಹಿಂದೆ ಹೊರಗಿನ ಸಲಹೆಗಾರನೊಬ್ಬನಿದ್ದಾನೆ. ಹೊರಗಿನ ಕಣ್ಣಿಗೆ ಅದರದೇ ಬೆಲೆ ಇದೆಯೆಂಬುದನ್ನು ಮರೆಯಬಾರದು.

ಕಾಡ್ಮನ್ನರ ಒತ್ತಾಯದ ಫಲವಾಗಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಆಸ್ಪತ್ರೆಗಳಿಗೆ ಕನಿಷ್ಠ ಮಾನದಂಡವೊಂದನ್ನು ರೂಪಿಸಿತು. ಅದರಂತೆ 100 ಹಾಸಿಗೆಗಿಂತ ದೊಡ್ಡದಾದ 692 ಆಸ್ಪತ್ರೆಗಳನ್ನು ತಪಾಸಣೆ ಮಾಡಿದಾಗ ತೇರ್ಗಡೆಯಾದವು ಬರೀ 89. ನಪಾಸಾದ ಪಟ್ಟಿಯಲ್ಲಿ ದೇಶದ ಹೆಸರಾಂತ ಆಸ್ಪತ್ರೆಗಳೂ ಇದ್ದವು. 1919ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಸೇರಿದ್ದ ಅಧಿಕಾರಿಗಳು, ಪಟ್ಟಿ ಪತ್ರಿಕೆಗಳ ಕೈ ಸೇರೀತೆಂಬ ಭಯದಿಂದ ಅದನ್ನು ಹೋಟೆಲಿನ ಕುಲುಮೆಯಲ್ಲಿ ಸುಟ್ಟರು. ಪಟ್ಟಿ ಸುಟ್ಟರೂ ಮಾನದಂಡ ಉಳಿಯಿತು. 1951ರಲ್ಲಿ ಅಲ್ಲಿ ಹುಟ್ಟಿದ ಜಂಟಿ ಆಯೋಗಕ್ಕೆ ಅದೇ ಮೂಲ. ಬೆಂಗಳೂರಿನ ಆಸ್ಪತ್ರೆಗಳ ಗೋಡೆಯ ಮೇಲೆ ಎನ್.ಎ.ಬಿ.ಎಚ್. ಎಂಬ ಮಾನ್ಯತೆಯ ಫಲಕವನ್ನು ನೀವು ನೋಡಿರುತ್ತೀರಿ. ಆ ಬಗೆಯ ಮಾನ್ಯತೆಯ ವಂಶವೃಕ್ಷವನ್ನು ಹಿಂದಕ್ಕೆ ಅರಸುತ್ತ ಹೋದರೆ ಕಾಡ್ಮನ್ನರ ಕಾರ್ಡುಗಳಿಗೆ ತಲುಪುತ್ತೇವೆ. 1940ರಲ್ಲಿ ತೀರಿಕೊಂಡ ಅವರ ಸಮಾಧಿಗೆ 2014ರವರೆಗೂ ಹೆಸರಿನ ಕಲ್ಲು ಇರಲಿಲ್ಲ.

ಕಾರ್ಖಾನೆ ಹೊಕ್ಕ ವೈದ್ಯ

ಮೂರನೆಯವರು ನಿಜಾರ್ಥದಲ್ಲಿ ವೈದ್ಯವಿದ್ಯೆಯಿಂದ ಆಡಳಿತ ಸಲಹೆಗೆ ದಾಟಿದವರು: ಎಲಿಯಟ್ ಜಾಕ್ಸ್. 1917ರಲ್ಲಿ ಕೆನಡಾದ ಟೊರಾಂಟೋದಲ್ಲಿ ಹುಟ್ಟಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಪದವಿ ಪಡೆದು, ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಸೇನಾ ವೈದ್ಯಕೀಯ ದಳದಲ್ಲಿದ್ದು, ನಂತರ ಇಂಗ್ಲೆಂಡಿನಲ್ಲಿ ಮನೋವಿಶ್ಲೇಷಕರಾದರು. 1946ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಟ್ಯಾವಿಸ್ಟಾಕ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ನಡುವಯಸ್ಸಿನಲ್ಲಿ ಮನುಷ್ಯನನ್ನು ಕಾಡುವ ತಳಮಳಕ್ಕೆ "ಮಿಡ್‌ಲೈಫ್ ಕ್ರೈಸಿಸ್" ಎಂಬ ಹೆಸರನ್ನು 1965ರ ಪ್ರಬಂಧವೊಂದರ ಮೂಲಕ ಬಳಕೆಗೆ ತಂದವರೂ ಇವರೇ.

1948ರಲ್ಲಿ ಜಾಕ್ಸ್ ಲಂಡನ್ನಿನ ಗ್ಲೇಸಿಯರ್ ಮೆಟಲ್ ಎಂಬ ಬೇರಿಂಗ್ ಕಾರ್ಖಾನೆಯನ್ನು ಹೊಕ್ಕರು. ಮಾಲೀಕರ ಕಡೆಯ ವ್ಯಕ್ತಿಯಾಗಿ ಒಳಗೆ ಬರಲು ಅವರು ಒಪ್ಪಲಿಲ್ಲ. ಕಾರ್ಮಿಕರ ಪ್ರತಿನಿಧಿಗಳೂ ಇದ್ದ ಕಾರ್ಖಾನೆಯ ಸಮಿತಿಯ ಒಪ್ಪಿಗೆ ಬೇಕೆಂದರು. ತಾವಾಗಿ ಕರೆದವರ ತೊಡಕನ್ನಷ್ಟೇ ಅವರೊಡನೆ ಕುಳಿತು ಬಿಡಿಸುವುದು, ಎದುರಿಗಿಲ್ಲದವರ ಬಗ್ಗೆ ಮಾತನಾಡದಿರುವುದು ಅವರ ನಿಯಮ. ಇವೆಲ್ಲ ಒಬ್ಬ ಒಳ್ಳೆಯ ವೈದ್ಯ ರೋಗಿಯೊಡನೆ ಪಾಲಿಸುವ ನಿಯಮಗಳೇ ಅಲ್ಲವೇ? ಮೂರು ತಿಂಗಳಲ್ಲಿ ವರದಿ ಒಪ್ಪಿಸುವ ಬದಲು ಅದೇ ಕಾರ್ಖಾನೆಯೊಡನೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಬಂಧ ಇಟ್ಟುಕೊಂಡರು.

ಅಲ್ಲಿ ಕಾರ್ಮಿಕ ಪ್ರತಿನಿಧಿಗಳು ಅವರ ಮುಂದಿಟ್ಟ ಒಂದು ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಯಂತ್ರದ ಮುಂದೆ ನಿಲ್ಲುವವನ ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ, ವ್ಯವಸ್ಥಾಪಕನ ಸಂಬಳವನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ, ಏಕೆ? ಇದರ ಬೆನ್ನು ಹತ್ತಿದ ಜಾಕ್ಸ್ ಒಂದು ಅಳತೆಗೋಲನ್ನು ಕಂಡುಕೊಂಡರು. ಒಬ್ಬನು ತನ್ನ ವಿವೇಚನೆಯಿಂದ ಕೈಗೊಂಡ ಕೆಲಸ ಸರಿಯೋ ತಪ್ಪೋ ಎಂದು ತಿಳಿಯಲು ಹೆಚ್ಚೆಂದರೆ ಎಷ್ಟು ಕಾಲ ಬೇಕು? ಒಬ್ಬನಿಗೆ ಒಂದು ದಿನ, ಇನ್ನೊಬ್ಬನಿಗೆ ಒಂದು ವರ್ಷ, ಸಂಸ್ಥೆಯ ಮುಖ್ಯಸ್ಥನಿಗೆ ಹತ್ತು ವರ್ಷ. ಆ ಕಾಲದ ಉದ್ದವೇ ಹೊಣೆಯ ಅಳತೆ.

ಈ ಅಳತೆಗೋಲನ್ನು ಸಲಹೆಗಾರರಿಗೇ ಇಟ್ಟು ನೋಡಿದರೆ ಏನು ಕಾಣುತ್ತದೆ? ಆಸ್ಪತ್ರೆಯ ಪುನರ್ವ್ಯವಸ್ಥೆಯ ಫಲ ತಿಳಿಯಲು ಐದಾರು ವರ್ಷ ಬೇಕು. ಸಲಹೆಗಾರ ಅಲ್ಲಿರುವುದು ಕೆಲವೇ ತಿಂಗಳು. ಅಂದರೆ ಫಲ ಕಾಣುವ ಹೊತ್ತಿಗೆ ಅವನು ಬೇರೆ ಊರಿನಲ್ಲಿ, ಬೇರೆ ಕೆಲಸದಲ್ಲಿರುತ್ತಾನೆ. ಹುಡುಗರ ಜಾಣತನವನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ನಾನು ಶಂಕಿಸುತ್ತಿಲ್ಲ. ಈ ವೃತ್ತಿಯ ರಚನೆಯಲ್ಲಿಯೇ ಇರುವ ಕೊರತೆಯಿದು.

ಜಾಕ್ಸ್ ಅವರ ಸ್ವಂತ ಕಥೆಯಲ್ಲಿಯೂ ಇದಕ್ಕೆ ಸಾಕ್ಷಿಯಿದೆ. 1964ರಲ್ಲಿ ಬ್ರೂನೆಲ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋದ ಮೇಲೆ ಅವರ ಸಂಶೋಧನಾ ತಂಡ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಸಂಘಟನೆಯನ್ನು ಅಧ್ಯಯನ ಮಾಡಿತು. 1974ರಲ್ಲಿ ಆ ಸೇವೆಯನ್ನು ಹೊಸದಾಗಿ ಕಟ್ಟಿದಾಗ ಬ್ರೂನೆಲ್ ತಂಡವೂ ಮೆಕಿನ್ಸಿ ಕಂಪನಿಯೂ ಸಲಹೆ ನೀಡಿದ್ದವು. ಪ್ರಾಂತ, ಪ್ರದೇಶ, ಜಿಲ್ಲೆ ಎಂದು ಮೆಟ್ಟಿಲುಗಳು ಹೆಚ್ಚಾಗಿ ನಿರ್ಧಾರಗಳು ನಿಧಾನವಾದವೆಂಬ ದೂರು ಎದ್ದಿತು. 1982ರಲ್ಲಿ ನಡುವಿನ ಒಂದು ಮೆಟ್ಟಿಲನ್ನೇ ತೆಗೆದುಹಾಕಿದರು. 1983ರಲ್ಲಿ ಸರ್ಕಾರ ಮತ್ತೊಬ್ಬ ಸಲಹೆಗಾರರನ್ನು ಕರೆಯಿತು. ಸೇನ್ಸ್‌ಬರಿ ಎಂಬ ದಿನಸಿ ಅಂಗಡಿಗಳ ಸರಪಳಿಯನ್ನು ನಡೆಸುತ್ತಿದ್ದ ರಾಯ್ ಗ್ರಿಫಿತ್ಸ್ ಅವರು. ಫ್ಲಾರೆನ್ಸ್ ನೈಟಿಂಗೇಲ್ ಇಂದು ದೀಪ ಹಿಡಿದು ಈ ಆಸ್ಪತ್ರೆಗಳ ಪಡಸಾಲೆಯಲ್ಲಿ ನಡೆದರೆ, ಇಲ್ಲಿ ಹೊಣೆ ಹೊತ್ತವರು ಯಾರೆಂದು ಹುಡುಕುತ್ತಿರುತ್ತಾರೆ ಎಂಬ ಅರ್ಥದ ಮಾತನ್ನು ಅವರು ತಮ್ಮ ವರದಿಯಲ್ಲಿ ಬರೆದರು. ಮತ್ತೆ ವ್ಯವಸ್ಥೆ ಬದಲಾಯಿತು. ಪ್ರತಿ ಬದಲಾವಣೆಯ ನಡುವೆಯೂ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದವರು ಮಾತ್ರ ಅಲ್ಲಿಯೇ ಉಳಿದಿದ್ದರು.

ಲೆಕ್ಕ ಯಾರಿಗಾಗಿ?

ಇಲ್ಲಿಯವರೆಗೆ ಓದಿದವರು, ಎಣಿಸುವವನು ಒಳ್ಳೆಯ ಸಲಹೆಗಾರ, ಎಣಿಸದವನು ಕೆಟ್ಟವನು ಎಂದು ನಾನು ಹೇಳುತ್ತಿದ್ದೇನೆಂದು ಭಾವಿಸಬಹುದು. ಅಷ್ಟು ಸುಲಭವಲ್ಲ. ನಮ್ಮ ಕಾಲದ್ದೇ ಒಂದು ಘಟನೆಯನ್ನು ಹೇಳುತ್ತೇನೆ.

ಅಮೆರಿಕದ ಪರ್ಡ್ಯೂ ಫಾರ್ಮಾ ಎಂಬ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವುನಿವಾರಕ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಅಫೀಮಿನ ವರ್ಗಕ್ಕೆ ಸೇರಿದ ಔಷಧ. ಅಂತಹ ಮಾತ್ರೆಗಳ ಚಟಕ್ಕೆ ಬಿದ್ದು, ಮಿತಿಮೀರಿ ನುಂಗಿ ಸತ್ತವರಿಂದ ಊರೂರುಗಳೇ ಬಡವಾದವು. ಈ ಕಂಪನಿಗೆ ಮಾರಾಟ ಹೆಚ್ಚಿಸುವ ಬಗೆಯನ್ನು ವರ್ಷಗಟ್ಟಲೆ ಹೇಳಿಕೊಟ್ಟದ್ದು ಮೆಕಿನ್ಸಿ. ಹೆಚ್ಚು ಬರೆದುಕೊಡುವ ವೈದ್ಯರ ಬಳಿಗೆ ಪ್ರತಿನಿಧಿಗಳನ್ನು ಹೆಚ್ಚಾಗಿ ಕಳುಹಿಸಿ ಎಂಬುದು ಆ ಸಲಹೆಗಳಲ್ಲೊಂದು. 2017ರಲ್ಲಿ ಅವರು ಸಿದ್ಧಪಡಿಸಿದ ಪ್ರಸ್ತುತಿಯಲ್ಲಿ ಇನ್ನೂ ಒಂದು ಸೂಚನೆಯಿತ್ತು. ಮಾತ್ರೆಯ ಅತಿಸೇವನೆಯಿಂದ ಗ್ರಾಹಕರಿಗೆ ಅನಾಹುತವಾದರೆ, ಒಂದೊಂದು ಪ್ರಕರಣಕ್ಕೆ ಇಂತಿಷ್ಟೆಂದು ವಿತರಕರಿಗೆ ರಿಯಾಯಿತಿ ಹಣ ಕೊಡಬಹುದು ಎಂದು. ಒಂದು ಅಂದಾಜಿನಲ್ಲಿ ಆ ಮೊತ್ತ 14,810 ಡಾಲರ್. ಈ ಕಾಗದಗಳು 2020ರಲ್ಲಿ ಬಹಿರಂಗವಾದವು. 2021ರಲ್ಲಿ ಮೆಕಿನ್ಸಿ, ತಪ್ಪೊಪ್ಪಿಗೆಯಿಲ್ಲದೆ, ಅಮೆರಿಕದ ರಾಜ್ಯಗಳಿಗೆ 57.3 ಕೋಟಿ ಡಾಲರ್ ಕೊಡಲು ಒಪ್ಪಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ನ್ಯಾಯ ಇಲಾಖೆಯೊಡನೆ ಮತ್ತೆ 65 ಕೋಟಿ ಡಾಲರ್‌ಗಳ ಒಪ್ಪಂದವಾಯಿತು.

ಇಲ್ಲಿಯೂ ಲೆಕ್ಕವಿತ್ತು. ನೈಟಿಂಗೇಲರಂತೆಯೇ ಇವರೂ ಜೀವಗಳಿಗೆ ಬಂದ ಕುತ್ತನ್ನು ಎಣಿಸಿದ್ದರು. ಅಂಕಿ ಕರಾರುವಾಕ್ಕಾಗಿತ್ತು, ಚಿತ್ರವೂ ಚೆನ್ನಾಗಿದ್ದಿರಬೇಕು. ಆದರೆ ಆಕೆ ಎಣಿಸಿದ್ದು ಮುಂದಿನ ವರ್ಷ ಆ ಸಂಖ್ಯೆ ಇಳಿಯಲಿ ಎಂದು. ಇವರು ಎಣಿಸಿದ್ದು ಸಂಖ್ಯೆ ಏರಿದರೂ ವ್ಯಾಪಾರ ನಿಲ್ಲದಿರಲಿ ಎಂದು. ರೋಗಿ ಲೆಕ್ಕದ ಪುಸ್ತಕದಲ್ಲಿದ್ದ, ಆದರೆ ಅವನ ಪರವಾಗಿ ಆ ಕೋಣೆಯಲ್ಲಿ ಯಾರೂ ಕುಳಿತಿರಲಿಲ್ಲ. ಇಂತಹ ಮೇಜಿನ ಸುತ್ತ ಒಬ್ಬ ವೈದ್ಯನಿಗೆ ಕುರ್ಚಿ ಸಿಕ್ಕಾಗ, ಅವನು ಅಲ್ಲಿ ಏತಕ್ಕಾಗಿ ಇದ್ದಾನೆ ಎಂಬ ಪ್ರಶ್ನೆ ತಂದೆತಾಯಿಗಳು ಕೇಳುವ ಸೀಟಿನ ಪ್ರಶ್ನೆಗಿಂತ ದೊಡ್ಡದು.

ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ

ಕೊನೆಯ ಉದಾಹರಣೆ ನಮ್ಮ ರಾಜ್ಯದಲ್ಲಿ ಆರಂಭವಾಗುತ್ತದೆ. ಬಾಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಂಡ, ವಿಮಾನ ಚಾಲಕರ ಪಟ್ಟಿಯಿಂದ ಪಾಠ ಕಲಿತು, ಶಸ್ತ್ರಚಿಕಿತ್ಸೆಗೆ ಒಂದು ತಪಾಸಣಾ ಪಟ್ಟಿಯನ್ನು ರೂಪಿಸಿತು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಅದೇ ಮಾದರಿಯಲ್ಲಿ ಹೆರಿಗೆಗೂ ಒಂದು ಪಟ್ಟಿ ಸಿದ್ಧವಾಯಿತು. ಅದರ ಆರಂಭದ ಪರೀಕ್ಷೆ 2010ರಲ್ಲಿ ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ನಡೆಯಿತು. ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕ್ರಮಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದದ್ದು ಪಟ್ಟಿ ಬಂದ ಮೇಲೆ 25ಕ್ಕೆ ಏರಿತು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಮಗುವನ್ನು ತಾಯಿಯ ಮೈಗೆ ಆನಿಸಿ ಬೆಚ್ಚಗಿಡುವುದು ಇಂತಹ ಸಾಮಾನ್ಯ ಕ್ರಮಗಳವು.

ಉತ್ಸಾಹದಿಂದ ಇದನ್ನು ಉತ್ತರ ಪ್ರದೇಶದ 24 ಜಿಲ್ಲೆಗಳಿಗೆ ವಿಸ್ತರಿಸಿದರು. 120 ಹೆರಿಗೆ ಕೇಂದ್ರಗಳಲ್ಲಿ ಅರ್ಧಕ್ಕೆ ಪಟ್ಟಿಯನ್ನೂ ಅದನ್ನು ಕಲಿಸುವ ತರಬೇತುದಾರರನ್ನೂ ಕೊಟ್ಟು, ಇನ್ನರ್ಧವನ್ನು ಹಾಗೆಯೇ ಬಿಟ್ಟು, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಿ ಮಕ್ಕಳು ಏಳು ದಿನಗಳ ನಂತರ ಹೇಗಿದ್ದಾರೆಂದು ವಿಚಾರಿಸಿದರು. ಕಾಡ್ಮನ್ನರ ಕಾರ್ಡು ಮತ್ತೆ ಬಂದಿತ್ತು. 2017ರಲ್ಲಿ ಫಲಿತಾಂಶ ಹೊರಬಂತು. ತರಬೇತುದಾರರು ಇದ್ದಾಗ ಕ್ರಮಗಳ ಪಾಲನೆ ನೂರಕ್ಕೆ 73ರಷ್ಟಿತ್ತು. ಪಟ್ಟಿಯಿಲ್ಲದ ಕಡೆ 42. ತರಬೇತುದಾರರು ಹೋದ ನಾಲ್ಕು ತಿಂಗಳ ಮೇಲೆ ಅದು 62ಕ್ಕೆ ಇಳಿದಿತ್ತು. ಸಾವು ಮತ್ತು ತೀವ್ರ ತೊಂದರೆಗಳ ಪ್ರಮಾಣ ಮಾತ್ರ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಸುಮಾರು 15.

ಈ ಅಂಕಿಗಳನ್ನು ಓದುವಾಗ ನನಗೆ ನಮ್ಮ ಶಾಲೆಗಳ ನೆನಪಾಯಿತು. ತಪಾಸಣೆಗೆ ಸಾಹೇಬರು ಬರುವ ವಾರ ಬೀರುವಿನೊಳಗಿನ ಭೂಪಟಗಳು ಹೊರಗೆ ಬರುತ್ತಿದ್ದವು. ಹೊಸ ಬೋಧನಾ ಕ್ರಮದ ತರಬೇತಿ ನಡೆದ ತಿಂಗಳು ಗೋಡೆಯ ತುಂಬ ಚಾರ್ಟುಗಳು. ಜೀಪು ಊರ ಗಡಿ ದಾಟಿದ ಮೇಲೆ ಭೂಪಟ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಮಕ್ಕಳಿಗೆ ಓದು ಬಂತೇ ಎಂಬ ಕಾಲಂ ಯಾವ ನಮೂನೆಯಲ್ಲಿಯೂ ಇರಲಿಲ್ಲ. ಆದ್ದರಿಂದಲೇ ಆ ಸಂಶೋಧಕರ ಮೇಲೆ ನನಗೆ ಗೌರವ. ತಮ್ಮ ಸಲಹೆ ತಾಯಂದಿರ ಜೀವವನ್ನು ಉಳಿಸಲಿಲ್ಲವೆಂಬುದನ್ನು ತಾವೇ ಎಣಿಸಿ, ತಾವೇ ಪ್ರಕಟಿಸಿದರು. ಕ್ರಮ ಪಾಲಿಸಿದರಷ್ಟೇ ಸಾಲದು. ರಕ್ತ, ಔಷಧ, ಶಸ್ತ್ರಚಿಕಿತ್ಸೆಯ ಅನುಕೂಲ, ನುರಿತ ಕೈಗಳು ಇವೆಲ್ಲ ಬೇಕೆಂಬ ಚರ್ಚೆಗೆ ಆ ಸೋಲೇ ದಾರಿ ಮಾಡಿಕೊಟ್ಟಿತು. ಅಂಕಿಯನ್ನು ಮುಚ್ಚಿಟ್ಟಿದ್ದರೆ ಪಟ್ಟಿ ಇನ್ನೂ ಹತ್ತು ರಾಜ್ಯಗಳಿಗೆ ಹೋಗುತ್ತಿತ್ತು, ಹೆರಿಗೆಯ ಹಾಸಿಗೆಯ ಮೇಲೆ ಏನೂ ಬದಲಾಗುತ್ತಿರಲಿಲ್ಲ.

ಈಗ ಆ ತಂದೆತಾಯಿಗಳ ಪ್ರಶ್ನೆಗೆ ಬರೋಣ. ಕಲಿತ ವಿದ್ಯೆ ದಂಡವಾಯಿತೇ? ಚರಿತ್ರೆಯನ್ನು ನೋಡಿದರೆ ಹಾಗೆ ಹೇಳಲು ಬರುವುದಿಲ್ಲ. ಒಬ್ಬ ವೈದ್ಯ ಜೀವಮಾನದಲ್ಲಿ ನೋಡಬಹುದಾದ ರೋಗಿಗಳಿಗಿಂತ ಹೆಚ್ಚು ಮಂದಿಯನ್ನು ಒಂದು ಚರಂಡಿಯ ಸಲಹೆ ಉಳಿಸಿದ ನಿದರ್ಶನವಿದೆ. ಅಷ್ಟೇ ಮಂದಿಯನ್ನು ಕೆಡಿಸಬಲ್ಲ ಸಲಹೆಯ ನಿದರ್ಶನವೂ ಇದೆ. ಎರಡಕ್ಕೂ ವ್ಯತ್ಯಾಸ ವೃತ್ತಿಯ ಹೆಸರಿನಲ್ಲಿಲ್ಲ, ಸಂಬಳದ ಗಾತ್ರದಲ್ಲಿಯೂ ಇಲ್ಲ.

ದಾರಿ ಬದಲಿಸಿದ ನನ್ನ ಮೂವರು ಮಕ್ಕಳಿಗೆ, ವಿದ್ಯಾರ್ಥಿಗಳು ನನಗೆ ಮಕ್ಕಳೇ ಆದ್ದರಿಂದ ಹಾಗೆನ್ನುತ್ತೇನೆ, ನಾನು ಹೇಳಬಹುದಾದದ್ದು ಇಷ್ಟು. ನೀವು ಒಪ್ಪಿಸುವ ಪ್ರತಿಯೊಂದು ವರದಿಯ ಆ ತುದಿಯಲ್ಲಿ ಒಂದು ಹಾಸಿಗೆಯೂ ಅದರ ಮೇಲೆ ಒಬ್ಬ ಮನುಷ್ಯನೂ ಇರುತ್ತಾನೆಂಬುದು ನಿಮ್ಮ ಜೊತೆಯವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ನೋಡಿಯೇ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಅದು ತೀರಿಹೋಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಆಸ್ಪತ್ರೆಯಲ್ಲಿ ಔಷಧ ಬರೆದುಕೊಟ್ಟಾಗ ಮರುವಾರ ರೋಗಿಯೇ ನಿಮ್ಮೆದುರು ಬಂದು ಕೂರುತ್ತಿದ್ದ. ಗುಣವಾಯಿತೋ ಇಲ್ಲವೋ ಎಂಬುದು ಅವನ ಮುಖದಲ್ಲಿಯೇ ಕಾಣುತ್ತಿತ್ತು. ಸಲಹೆ ಬರೆದುಕೊಟ್ಟ ಮೇಲೆ ಹಾಗೆ ಯಾರೂ ಬರುವುದಿಲ್ಲ. ವರ್ಷದ ನಂತರ ನೀವೇ ಆ ಊರಿಗೆ ಹೋಗಿ, ವಾರ್ಡಿನ ದಾದಿಯನ್ನು ಹುಡುಕಿ, ಏನಾಯಿತೆಂದು ಕೇಳಬೇಕು.